ಒಂದರ ಮೇಲೊಂದು ಕೂತ ಗೆರೆಗಳು: ಜೋಸ್ಮ್‌ನಲ್ಲಿ ಬೇಕಾದ್ದು ಸೆಲೆಕ್ಟ್ ಆಗದಿದ್ದರೆ

ಬೆಂಗಳೂರಿನ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗೆ ಹೋಗುವ ಡಬಲ್ ಡೆಕರ್ ಮೇಲ್ಸೇತುವೆಯ ಕೆಳಗೆ ನಿಂತು ತಲೆ ಎತ್ತಿದರೆ ಮೂರು ಅಂತಸ್ತು ಕಾಣುತ್ತದೆ. ನೆಲದ ಮೇಲೆ ರಸ್ತೆ, ಅದರ ಮೇಲೆ ವಾಹನಗಳ ಸೇತುವೆ, ಅದರ ನೆತ್ತಿಯ ಮೇಲೆ ಮೆಟ್ರೊದ ಹಳದಿ ಮಾರ್ಗ. ಯಾರು ಬೇಕಾದರೂ ತಿದ್ದಬಹುದಾದ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಎಡಿಟರ್‌ಗೆ ಈ ಅಂತಸ್ತು ಗೊತ್ತಾಗುವುದಿಲ್ಲ. ಅದಕ್ಕೆ ಎಲ್ಲವೂ ಒಂದೇ ಹಾಳೆಯ ಮೇಲಿನ ಗೆರೆಗಳು. ಕೆಳಗಿನ ರಸ್ತೆಗೆ ವೇಗಮಿತಿ ಹಾಕಲು ಕ್ಲಿಕ್ ಮಾಡಿದರೆ ಮೆಟ್ರೊ ಹಳಿ ಸೆಲೆಕ್ಟ್ ಆಗುತ್ತದೆ. ಮತ್ತೊಮ್ಮೆ ಕ್ಲಿಕ್ ಮಾಡಿದರೆ ಸೇತುವೆ ಬರುತ್ತದೆ. ಮೂರನೇ ಸಲ ಕೈ ತುಸು ಅಲುಗಿ ಹಳಿಯೇ ಪಕ್ಕಕ್ಕೆ ಜರುಗಿಬಿಡುತ್ತದೆ.

ಇಲ್ಲಿರುವುದು ಹೆಚ್ಚಾಗಿ ಆ ನಕ್ಷೆಯನ್ನು ತಿದ್ದಲು ಕಂಪ್ಯೂಟರಿಗೆ ಹಾಕಿಕೊಳ್ಳುವ ಜೋಸ್ಮ್ ಎಡಿಟರ್ ಬಳಸುವವರಿಗಾಗಿ. ಬ್ರೌಸರ್‌ನಲ್ಲಿ ತೆರೆಯುವ ಐಡಿ ಎಡಿಟರ್ ಬಗ್ಗೆ ಕೊನೆಯಲ್ಲಿ ಸ್ವಲ್ಪ ಇದೆ. ಮೂರು ಪದಗಳು ಮತ್ತೆ ಮತ್ತೆ ಬರುತ್ತವೆ. ನೋಡ್ ಎಂದರೆ ಅಕ್ಷಾಂಶ ರೇಖಾಂಶ ಇರುವ ಒಂದು ಬಿಂದು (‘ನೋಡು’ ಎಂದು ಯಾರನ್ನೂ ಕರೆಯುತ್ತಿಲ್ಲ). ವೇ ಎಂದರೆ ನೋಡ್‌ಗಳನ್ನು ಪೋಣಿಸಿದ ಗೆರೆ (ಮುಂದೆ ಬರುವ ‘ವೇಗಳು’ ಇದರ ಬಹುವಚನ, ಸ್ಪೀಡ್ ಅಲ್ಲ). ರಿಲೇಶನ್ ಎಂದರೆ ಇವುಗಳ ಕೂಟ, ಬಸ್ ಮಾರ್ಗ ಅಥವಾ ತಾಲ್ಲೂಕಿನ ಗಡಿ ಇದ್ದ ಹಾಗೆ. ಟ್ಯಾಗ್‌ಗಳನ್ನೂ (ವಸ್ತು ಏನು, ಎಂಥದ್ದು ಎಂದು ಹೇಳುವ ಚೀಟಿಗಳು) ಹುಡುಕುವ ಪದಗಳನ್ನೂ ಓದುವ ಅನುಕೂಲಕ್ಕೆ ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದೆ. ಎಡಿಟರ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.

ಏನೂ ಸೆಲೆಕ್ಟ್ ಆಗುತ್ತಲೇ ಇಲ್ಲವೇ?

ಹಾಗಿದ್ದರೆ ತೊಂದರೆ ಮೇಲೊಂದು ಕೂತ ಗೆರೆಯದ್ದಲ್ಲದೇ ಇರಬಹುದು. ಮೊದಲು ಎಸ್ ಕೀ ಒತ್ತಿ. ಅದು ಸೆಲೆಕ್ಟ್ ಮೋಡ್. ಅರಿವಿಲ್ಲದೆ ಎ ಒತ್ತಿ ಗೆರೆ ಎಳೆಯುವ ಮೋಡ್‌ನಲ್ಲಿ ಉಳಿದುಬಿಟ್ಟಿದ್ದರೆ ಪ್ರತಿ ಕ್ಲಿಕ್‌ಗೂ ಹೊಸ ನೋಡ್ ಹುಟ್ಟುತ್ತಿರುತ್ತದೆ.

ಆಮೇಲೆ ಲೇಯರ್ ಪಟ್ಟಿ ನೋಡಿ (ಆಲ್ಟ್, ಶಿಫ್ಟ್, ಎಲ್). ಎರಡು ಡೇಟಾ ಲೇಯರ್ ತೆರೆದಿದ್ದರೆ ಸಕ್ರಿಯವಾಗಿರುವ ಲೇಯರ್‌ನ ವಸ್ತುಗಳು ಮಾತ್ರ ಕೈಗೆ ಸಿಗುತ್ತವೆ. ಇನ್ನೊಂದು ಲೇಯರ್ ಬೂದು ಬಣ್ಣದಲ್ಲಿ ಕಾಣುತ್ತಿರುತ್ತದೆ, ಎಷ್ಟು ಕ್ಲಿಕ್ ಮಾಡಿದರೂ ಮಿಸುಕುವುದಿಲ್ಲ. ಬೇರೆ ಕಡೆಯಿಂದ ತಂದ ಫೈಲನ್ನು ಪಕ್ಕಕ್ಕೆ ತೆರೆದಿಟ್ಟು ಕೆಲಸ ಮಾಡುವವರಿಗೆ ಇದು ದಿನಾ ಬರುವ ಗೊಂದಲ.

ಮೂರನೆಯದು ಫಿಲ್ಟರ್ (ಆಲ್ಟ್, ಶಿಫ್ಟ್, ಎಫ್). ಫಿಲ್ಟರ್‌ಗೆ ಸಿಕ್ಕಿದ ವಸ್ತು ಎರಡು ಬಗೆಯಲ್ಲಿ ಕೈ ತಪ್ಪುತ್ತದೆ. ಒಂದು, ಪೂರ್ತಿ ಮರೆಯಾಗುವುದು. ಇನ್ನೊಂದು, ಮಸುಕಾಗಿ ಕಾಣುತ್ತಿದ್ದರೂ ಸೆಲೆಕ್ಟ್ ಆಗದಿರುವುದು. ಹೋದ ವಾರ ಹಾಕಿ ಮರೆತ ಫಿಲ್ಟರ್ ಇವತ್ತೂ ಅಲ್ಲೇ ಇರುತ್ತದೆ, ಜೋಸ್ಮ್ ಅದನ್ನು ನೆನಪಿಟ್ಟುಕೊಳ್ಳುತ್ತದೆ.

ಪಕ್ಕದ್ದು ಸೆಲೆಕ್ಟ್ ಆಗುತ್ತಿದ್ದರೆ

ಜೋಸ್ಮ್ ಮೌಸ್‌ನ ತುದಿಯಿಂದ 10 ಪಿಕ್ಸೆಲ್ ದೂರದೊಳಗೆ ಹತ್ತಿರದ ವಸ್ತುವನ್ನು ಹುಡುಕುತ್ತದೆ. ನೋಡ್ ಸಿಕ್ಕರೆ ಗೆರೆಗಿಂತ ಅದಕ್ಕೇ ಆದ್ಯತೆ. ಇದನ್ನು ನೆಲದ ಲೆಕ್ಕಕ್ಕೆ ಇಳಿಸಿ ನೋಡಿ. ಬೆಂಗಳೂರಿನ ಅಕ್ಷಾಂಶದಲ್ಲಿ 18ನೇ ಜೂಮ್‌ನಲ್ಲಿ ಒಂದು ಪಿಕ್ಸೆಲ್ ಸುಮಾರು 58 ಸೆಂಟಿಮೀಟರ್. 10 ಪಿಕ್ಸೆಲ್ ಎಂದರೆ ಹತ್ತಿರಹತ್ತಿರ 6 ಮೀಟರ್. ಮೆಟ್ರೊ ಹಳಿಗೂ ಕೆಳಗಿನ ರಸ್ತೆಯ ಗೆರೆಗೂ 4 ಮೀಟರ್ ಅಂತರವಿದ್ದರೆ ಆ ಜೂಮ್‌ನಲ್ಲಿ ಎರಡೂ ಒಂದೇ ಕ್ಲಿಕ್ಕಿನ ವ್ಯಾಪ್ತಿಗೆ ಬೀಳುತ್ತವೆ. ಮೂರು ಹಂತ ಒಳಗೆ ಜೂಮ್ ಮಾಡಿದರೆ 10 ಪಿಕ್ಸೆಲ್ ಎಂಬುದು 75 ಸೆಂಟಿಮೀಟರ್‌ಗಿಂತ ಕಡಿಮೆಗೆ ಇಳಿಯುತ್ತದೆ. ಎರಡು ಗೆರೆಯ ನಡುವೆ ಕಾಣುವಷ್ಟು ಸಂದಿದ್ದರೆ ಬೇರೆ ಉಪಾಯ ಬೇಡ, ಜೂಮ್ ಸಾಕು.

ಕ್ಲಿಕ್ ಮಾಡುವ ಮೊದಲು ಮೌಸನ್ನು ಅರೆಕ್ಷಣ ನಿಲ್ಲಿಸುವ ಅಭ್ಯಾಸ ಒಳ್ಳೆಯದು. ಯಾವುದು ಸೆಲೆಕ್ಟ್ ಆಗಲಿದೆಯೋ ಅದು ತುಸು ಬೆಳಗುತ್ತದೆ, ಕೆಳಗಿನ ಸ್ಟೇಟಸ್ ಪಟ್ಟಿಯಲ್ಲಿ ಅದರ ಹೆಸರೂ ಬರುತ್ತದೆ. ತಪ್ಪು ಹೆಸರು ಕಂಡರೆ ಕ್ಲಿಕ್ಕನ್ನೇ ಮಾಡಬೇಡಿ.

ಒಂದರ ಮೇಲೊಂದು ಇದ್ದರೆ: ಅಡಿಯದ್ದನ್ನು ಹೊರತೆಗೆಯುವ ದಾರಿಗಳು

ಗೆರೆಗಳು ನಿಜಕ್ಕೂ ಒಂದೇ ಜಾಗದಲ್ಲಿದ್ದರೆ ಎಷ್ಟು ಜೂಮ್ ಮಾಡಿದರೂ ಬಿಡಿಸಿಕೊಳ್ಳುವುದಿಲ್ಲ. ಆಗ ಆಲ್ಟ್ ಹಿಡಿದು ಕ್ಲಿಕ್ ಮಾಡಿ. ಅದೇ ಜಾಗದಲ್ಲಿ ಮತ್ತೆ ಮತ್ತೆ ಮಾಡಿದರೆ ಅಲ್ಲಿರುವ ವಸ್ತುಗಳು ಸರದಿಯಂತೆ ಒಂದೊಂದಾಗಿ ಸೆಲೆಕ್ಟ್ ಆಗುತ್ತಾ ಹೋಗುತ್ತವೆ. ಮೌಸ್ ಕದಲಿಸಬಾರದು.

ಲಿನಕ್ಸ್‌ನಲ್ಲಿ ಆಲ್ಟ್ ಹಿಡಿದು ಕ್ಲಿಕ್ ಮಾಡಿದಾಗ ಸೆಲೆಕ್ಟ್ ಆಗುವ ಬದಲು ಇಡೀ ಜೋಸ್ಮ್ ಕಿಟಕಿಯೇ ಮೌಸ್ ಜೊತೆ ಎದ್ದು ಬಂದರೆ ತಪ್ಪು ಜೋಸ್ಮ್‌ನದಲ್ಲ. ಎಕ್ಸ್‌ಎಫ್‌ಸಿಇ, ಮಾಟೆಯಂಥ ಡೆಸ್ಕ್‌ಟಾಪ್‌ಗಳು ಕಿಟಕಿ ಜರುಗಿಸಲು ಆಲ್ಟ್ ಕೀಯನ್ನು ತಮಗೇ ಇಟ್ಟುಕೊಂಡಿರುತ್ತವೆ. ಕ್ಲಿಕ್ ಜೋಸ್ಮ್‌ವರೆಗೆ ತಲುಪುವುದೇ ಇಲ್ಲ. ಡೆಸ್ಕ್‌ಟಾಪ್‌ನ ವಿಂಡೋ ಮ್ಯಾನೇಜರ್ ಸೆಟ್ಟಿಂಗ್‌ಗೆ ಹೋಗಿ ಆ ಕೆಲಸಕ್ಕೆ ಆಲ್ಟ್ ಬದಲು ಸೂಪರ್ ಕೀ (ವಿಂಡೋಸ್ ಚಿಹ್ನೆಯ ಕೀ) ಕೊಡಿ, ಸರಿಹೋಗುತ್ತದೆ. ಮ್ಯಾಕ್‌ನಲ್ಲಿ ಆಲ್ಟ್ ಜಾಗದಲ್ಲಿರುವುದು ಆಪ್ಷನ್ ಕೀ.

ಇದಕ್ಕಿಂತ ನೆಚ್ಚಿಕೊಳ್ಳಬಹುದಾದ ದಾರಿ ಮೌಸ್‌ನ ನಡುಗುಂಡಿ, ಅಂದರೆ ಚಕ್ರವನ್ನೇ ಒತ್ತುವುದು. ಗೆರೆಗಳ ಮೇಲೆ ಮೌಸ್ ಇಟ್ಟು ಚಕ್ರ ಒತ್ತಿ ಹಿಡಿಯಿರಿ. ಅಲ್ಲಿ ಏನೇನಿದೆಯೋ ಅದರ ಪಟ್ಟಿ ತೆರೆದುಕೊಳ್ಳುತ್ತದೆ. ಚಕ್ರ ಬಿಡದೆ ಕಂಟ್ರೋಲ್ ಒತ್ತಿ ಹಿಡಿದರೆ ಪಟ್ಟಿ ಅಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ. ಈಗ ಕಂಟ್ರೋಲ್ ಹಿಡಿದೇ ಮೌಸನ್ನು ಪಟ್ಟಿಗೆ ಒಯ್ದು ಬೇಕಾದ ಸಾಲಿನ ಮೇಲೆ ಕ್ಲಿಕ್ ಮಾಡಬಹುದು. ಕಂಟ್ರೋಲ್ ಒತ್ತುವ ಮೊದಲೇ ಚಕ್ರ ಬಿಟ್ಟರೆ ಪಟ್ಟಿ ಮಾಯವಾಗುತ್ತದೆ. ‘ನನಗೆ ಪಟ್ಟಿ ನಿಲ್ಲುವುದೇ ಇಲ್ಲ’ ಎನ್ನುವವರಲ್ಲಿ ಬಹುಪಾಲು ಜನ ಎಡವುವುದು ಇಲ್ಲೇ. ಟಚ್‌ಪ್ಯಾಡ್‌ನಲ್ಲಿ ಮೂರು ಬೆರಳಿಂದ ತಟ್ಟಿದರೆ ನಡುಗುಂಡಿಯ ಕ್ಲಿಕ್ ಆಗಬಹುದು, ಆದರೆ ತಟ್ಟುವುದು ಒತ್ತಿ ಹಿಡಿದಂತಲ್ಲ. ಅದಕ್ಕೆ ಚಕ್ರವಿರುವ ಅಗ್ಗದ ಯುಎಸ್‌ಬಿ ಮೌಸ್ ಒಂದು ಜೊತೆಯಲ್ಲಿರಲಿ.

ಆ ಪಟ್ಟಿಯನ್ನು ನಿಧಾನಕ್ಕೆ ಓದಿ. ಒಂದೊಂದು ವಸ್ತುವಿಗೂ ಹೆಸರು, ಐಡಿ ಸಂಖ್ಯೆ (ವಸ್ತುವಿನ ಗುರುತು ಸಂಖ್ಯೆ, ಐಡಿ ಎಡಿಟರ್ ಅಲ್ಲ), ಕೊನೆಗೆ ತಿದ್ದಿದವರ ಹೆಸರು, ಕೆಳಗೆ ಟ್ಯಾಗ್‌ಗಳು ಇರುತ್ತವೆ. ನೀವು ಈಗಷ್ಟೇ ತಿದ್ದಿ ಇನ್ನೂ ಅಪ್‌ಲೋಡ್ ಮಾಡದಿದ್ದದ್ದಕ್ಕೆ ಹೆಸರಿನ ಕೊನೆಗೊಂದು ನಕ್ಷತ್ರ ಚಿಹ್ನೆ ಬರುತ್ತದೆ. ಕೆಳಗಿನ ರಸ್ತೆಗೂ ಮೇಲ್ಸೇತುವೆಗೂ ಒಂದೇ ಹೆಸರಿರುವುದು ನಮ್ಮ ಊರುಗಳಲ್ಲಿ ಸಾಮಾನ್ಯ. ಹಾಗಾಗಿ ಹೆಸರು ನಂಬಬೇಡಿ, ಬ್ರಿಡ್ಜ್ ಮತ್ತು ಲೇಯರ್ ಟ್ಯಾಗ್ ನೋಡಿ (ಈ ಲೇಯರ್ ಎಷ್ಟನೇ ಅಂತಸ್ತು ಎಂದು ಹೇಳುವ ಟ್ಯಾಗ್, ಮೇಲೆ ಹೇಳಿದ ಡೇಟಾ ಲೇಯರ್ ಅಲ್ಲ). ಬಲಬದಿಯ ಪಟ್ಟಿಗಳಲ್ಲೂ ಐಡಿ ಕಾಣಿಸಬೇಕಿದ್ದರೆ ಪ್ರಿಫರೆನ್ಸಸ್‌ನ ಡಿಸ್‌ಪ್ಲೇ ಭಾಗದಲ್ಲಿ ವಸ್ತುಗಳ ಐಡಿ ತೋರಿಸುವ ಆಯ್ಕೆಗೆ ಟಿಕ್ ಹಾಕಿ. ಮೊದಲ ದಿನವೇ ಮಾಡಿಡಬೇಕಾದ ಕೆಲಸ ಇದು.

ನಡುಗುಂಡಿಯೂ ಇಲ್ಲ, ಆಲ್ಟ್ ಕೂಡ ಕೈಕೊಟ್ಟಿದೆ ಎಂದರೆ ಇನ್ನೊಂದು ದಾರಿ: ಎಡಗುಂಡಿ ಎಳೆದು ಚೌಕ ಹಾಕಿ ಸಿಕ್ಕಿದ್ದನ್ನೆಲ್ಲಾ ಸೆಲೆಕ್ಟ್ ಮಾಡಿ. ಚೌಕದೊಳಗೆ ಪೂರ್ತಿ ಇದ್ದದ್ದು ಮಾತ್ರ ಬರುತ್ತದೆ ಎಂಬುದು ಗಮನದಲ್ಲಿರಲಿ. ಬಲಗಡೆಯ ಸೆಲೆಕ್ಷನ್ ಪಟ್ಟಿಯಲ್ಲಿ (ಆಲ್ಟ್, ಶಿಫ್ಟ್, ಟಿ) ಬೇಕಾದ ಸಾಲನ್ನು ಆರಿಸಿ ಅಲ್ಲಿನ ಸೆಲೆಕ್ಟ್ ಗುಂಡಿ ಒತ್ತಿದರೆ ಉಳಿದದ್ದೆಲ್ಲ ಬಿಟ್ಟುಹೋಗುತ್ತದೆ. ಉದ್ದದ ರಸ್ತೆಗೆ ಚೌಕ ಹಾಕಲಾಗದು. ಅಂಥ ಕಡೆ ಅದರ ಒಂದು ನೋಡ್ ಹಿಡಿದು, ಕಂಟ್ರೋಲ್ ಎಫ್ ಒತ್ತಿ ‘ಪೇರೆಂಟ್ ಸೆಲೆಕ್ಟೆಡ್’ ಎಂದು ಹುಡುಕಿ. ಆ ನೋಡನ್ನು ಬಳಸುವ ಎಲ್ಲಾ ವೇಗಳೂ ಸೆಲೆಕ್ಟ್ ಆಗುತ್ತವೆ, ಪಟ್ಟಿಯಿಂದ ಬೇಕಾದ್ದನ್ನು ಉಳಿಸಿಕೊಳ್ಳಿ.

ಕೆರೆ, ಪಾರ್ಕು, ಶಾಲೆಯ ಆವರಣದಂಥ ಕ್ಷೇತ್ರಗಳ ಕಥೆ ಬೇರೆ. ನಡುವೆ ಒಂದೇ ಕ್ಲಿಕ್ ಮಾಡಿದರೆ ಸಿಗುವುದಿಲ್ಲ, ಅಂಚಿನ ಗೆರೆ ಹಿಡಿಯಬೇಕು. ಇಲ್ಲವೇ ಒಳಗೆ ಡಬಲ್ ಕ್ಲಿಕ್ ಮಾಡಿ. ಆ ಬಿಂದುವನ್ನು ಸುತ್ತುವರಿದ ಕ್ಷೇತ್ರಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಸೆಲೆಕ್ಟ್ ಆಗುತ್ತದೆ. ಪಾರ್ಕಿನೊಳಗಿನ ಕಟ್ಟಡ ಬೇಕಿದ್ದರೆ ಇದು ವರದಾನ. ಕಟ್ಟಡದ ಮೇಲೆ ಮೌಸ್ ಇಟ್ಟುಕೊಂಡು ಪಾರ್ಕನ್ನು ಬಯಸಿದರೆ ಮಾತ್ರ ಕೆಲಸಕ್ಕೆ ಬಾರದು.

ರಿಲೇಶನ್‌ಗೆ ತನ್ನದೇ ಗೆರೆ ಎಂಬುದಿಲ್ಲ, ಅದು ಸದಸ್ಯ ವೇಗಳ ಮೇಲೆ ಬದುಕುತ್ತದೆ. ಒಂದು ವೇ ಹಿಡಿದರೆ ಟ್ಯಾಗ್ ಪಟ್ಟಿಯ ಕೆಳಭಾಗದಲ್ಲಿ ಅದು ಯಾವ ಯಾವ ರಿಲೇಶನ್‌ನಲ್ಲಿದೆ ಎಂದು ತೋರಿಸುತ್ತದೆ. ಅಲ್ಲಿಂದಲೇ ಬಲ ಕ್ಲಿಕ್ ಮಾಡಿ ಸೆಲೆಕ್ಟ್ ಮಾಡಿಕೊಳ್ಳಿ.

ಸಿಕ್ಕಿತು. ಆದರೆ ಎರಡು ಯಾಕಿವೆ?

ಸೆಲೆಕ್ಟ್ ಮಾಡುವುದು ಕೈಚಳಕ ಅಷ್ಟೆ. ನಿಜವಾದ ರೋಗಪತ್ತೆ ಇಲ್ಲಿಂದ ಶುರು. ಒಂದೇ ಜಾಗದಲ್ಲಿ ಎರಡು ಗೆರೆ ಇದ್ದರೆ ಅದು ತಪ್ಪೇ ಆಗಬೇಕಿಲ್ಲ. ಇಂಥ ಕಡೆ ‘ಡೂಪ್ಲಿಕೇಟ್’ ಎಂದುಕೊಂಡು ಒಂದನ್ನು ಅಳಿಸಿದವರು ಜಿಲ್ಲೆಯ ಗಡಿಯನ್ನೇ ಕತ್ತರಿಸಿಟ್ಟದ್ದಿದೆ.

ಪರೀಕ್ಷೆ ಸುಲಭ. ಎರಡೂ ಗೆರೆಗಳು ತಿರುಗುವ ಒಂದು ಮೂಲೆಗೆ ಹೋಗಿ, ಅಲ್ಲಿ ಚಕ್ರ ಒತ್ತಿ ಹಿಡಿದು, ಪಟ್ಟಿಯಲ್ಲಿ ಎಷ್ಟು ನೋಡ್ ಇವೆ ಎಂದು ಎಣಿಸಿ.

ಒಂದು ನೋಡ್, ಎರಡು ವೇ ಎಂದು ಬಂದರೆ ಎರಡೂ ಒಂದೇ ಮೊಳೆಗೆ ಕಟ್ಟಿದ ದಾರಗಳು. ಯಾರೋ ಗೊತ್ತಿದ್ದೇ ಅಂಟಿಸಿದ್ದಾರೆ, ಅಥವಾ ಎಳೆಯುವಾಗ ತಾನಾಗಿ ಅಂಟಿಕೊಂಡಿದೆ. ಎರಡು ನೋಡ್, ಎರಡು ವೇ, ಟ್ಯಾಗ್‌ಗಳೂ ಒಂದೇ ಎಂದಾದರೆ ಅದು ಅಚ್ಚು ನಕಲು. ಎರಡು ನೋಡ್ ಇದ್ದು ಒಂದು ವೇಗೆ ಬ್ರಿಡ್ಜ್, ಲೇಯರ್ ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ ಅದು ಮೇಲ್ಸೇತುವೆ. ಹಾಗೇ ಬಿಡಿ. ಅಲ್ಲಿ ನೋಡಬೇಕಾದ್ದು ಅಂತಸ್ತಿನ ಟ್ಯಾಗ್ ಸರಿಯಿದೆಯೇ ಎಂದಷ್ಟೇ: ಕೆಳಗಿನ ರಸ್ತೆಗೆ ಲೇಯರ್ ಬೇಕಿಲ್ಲ, ವಾಹನ ಸೇತುವೆಗೆ ಬ್ರಿಡ್ಜ್ ಯೆಸ್ ಮತ್ತು ಲೇಯರ್ 1, ಮೆಟ್ರೊಗೆ ಬ್ರಿಡ್ಜ್ ಯೆಸ್ ಮತ್ತು ಲೇಯರ್ 2. ಇವು ಇಲ್ಲದಿದ್ದರೆ ಗೆರೆಗಳು ಅಡ್ಡ ಹಾಯುವ ಕಡೆಯಲ್ಲೆಲ್ಲಾ ಜೋಸ್ಮ್‌ನ ತಪ್ಪು ಹುಡುಕುವ ಸಾಧನವಾದ ವ್ಯಾಲಿಡೇಟರ್ ಎಚ್ಚರಿಕೆ ಕೊಡುತ್ತದೆ. ಅದನ್ನು ಕಂಡು ಗಾಬರಿಯಾಗಿ ಸೇತುವೆಯನ್ನೂ ರಸ್ತೆಯನ್ನೂ ಒಂದು ನೋಡ್‌ನಿಂದ ಜೋಡಿಸಿದರೆ ದಾರಿ ತೋರಿಸುವ ಆ್ಯಪ್ ಕಾರನ್ನು ಸೇತುವೆಯಿಂದ ನೇರ ಕೆಳಕ್ಕೆ ಇಳಿಸುತ್ತದೆ.

ಅಚ್ಚು ನಕಲು

ಇದು ಹುಟ್ಟುವ ಬಗೆ ಗೊತ್ತಿದ್ದರೆ ಗುರುತಿಸುವುದು ಸುಲಭ. ಹೊಸದಾಗಿ ಎಳೆದ ವಸ್ತುವಿಗೆ ಜೋಸ್ಮ್ ಋಣಸಂಖ್ಯೆಯ ತಾತ್ಕಾಲಿಕ ಐಡಿ ಕೊಡುತ್ತದೆ. ಅಪ್‌ಲೋಡ್ ಆದ ಮೇಲೆ ಸರ್ವರ್ ನಿಜವಾದ ಸಂಖ್ಯೆ ಹೇಳಿ ಕಳಿಸುತ್ತದೆ. ನೆಟ್ ಕೈಕೊಟ್ಟಾಗ ಡೇಟಾ ಸರ್ವರ್ ಸೇರಿದ್ದರೂ ಉತ್ತರ ವಾಪಸ್ ಬಾರದೆ ಹೋಗಬಹುದು. ಜೋಸ್ಮ್ ಮಟ್ಟಿಗೆ ಅವು ಇನ್ನೂ ಹೊಸವೇ. ಮತ್ತೆ ಅಪ್‌ಲೋಡ್ ಒತ್ತಿದರೆ ಅಷ್ಟೂ ಮನೆ, ಅಷ್ಟೂ ರಸ್ತೆ ಇನ್ನೊಂದು ಸಲ ಹುಟ್ಟುತ್ತವೆ, ಅದೇ ಜಾಗದಲ್ಲಿ. ಹಾಗಾಗಿ ಅಪ್‌ಲೋಡ್ ನಡುವೆ ಕೆಟ್ಟರೆ ಕೂಡಲೇ ಮತ್ತೆ ಒತ್ತಬೇಡಿ. ವೆಬ್‌ಸೈಟಿನಲ್ಲಿ ನಿಮ್ಮ ಖಾತೆಯ ಚೇಂಜ್‌ಸೆಟ್ (ಒಟ್ಟಿಗೆ ಕಳಿಸಿದ ತಿದ್ದುಪಡಿಗಳ ಕಟ್ಟು) ಪಟ್ಟಿ ತೆರೆದು, ಕೊನೆಯದರಲ್ಲಿ ವಸ್ತುಗಳು ಸೇರಿವೆಯೇ ಎಂದು ನೋಡಿಕೊಂಡು ಮುಂದುವರಿಯಿರಿ.

ಆಗಿಹೋಗಿದ್ದರೆ ಸರಿಪಡಿಸುವ ಕ್ರಮ ಹೀಗೆ:

1. ಆ ಪ್ರದೇಶವನ್ನು ಪೂರ್ತಿ ಡೌನ್‌ಲೋಡ್ ಮಾಡಿ. ಅರ್ಧ ಡೇಟಾ ಇಟ್ಟುಕೊಂಡು ಶುರುಮಾಡಬೇಡಿ.

2. ಏನನ್ನೂ ಸೆಲೆಕ್ಟ್ ಮಾಡದೆ ಶಿಫ್ಟ್ ವಿ ಒತ್ತಿ ವ್ಯಾಲಿಡೇಟರ್ ಓಡಿಸಿ. ಏನಾದರೂ ಸೆಲೆಕ್ಟ್ ಆಗಿದ್ದರೆ ಅದನ್ನು ಮಾತ್ರ ಪರೀಕ್ಷಿಸಿ ‘ಎಲ್ಲಾ ಸರಿಯಿದೆ’ ಎನ್ನುತ್ತದೆ.

3. ಮೊದಲು ನಕಲು ನೋಡ್‌ಗಳ ಸಾಲನ್ನು ತೆರೆದು ಫಿಕ್ಸ್ ಒತ್ತಿ. ಒಂದೇ ಜಾಗದ ನೋಡ್‌ಗಳು ಜೋಡಿಜೋಡಿಯಾಗಿ ಒಂದಾಗುತ್ತವೆ. ಸೇತುವೆಯ ನೋಡೊಂದು ಕಾಕತಾಳೀಯವಾಗಿ ಕೆಳಗಿನ ರಸ್ತೆಯ ನೋಡ್ ಮೇಲೇ ಕೂತಿದ್ದರೆ ಅದನ್ನು ಪಟ್ಟಿಯಿಂದ ಹೊರಗಿಡಿ.

4. ಮತ್ತೆ ಶಿಫ್ಟ್ ವಿ. ಈಗ ನಕಲು ವೇಗಳ ಸಾಲಿಗೆ ಫಿಕ್ಸ್ ಒತ್ತಿ. ಎರಡು ಪ್ರತಿಗಳೂ ಬೇರೆ ಬೇರೆ ರಿಲೇಶನ್‌ನಲ್ಲಿದ್ದರೆ ಜೋಸ್ಮ್ ತಾನಾಗಿ ಮುಟ್ಟುವುದಿಲ್ಲ, ನೀವೇ ನಿರ್ಧರಿಸಬೇಕು.

ಮೂರನೇ ಹೆಜ್ಜೆಯಲ್ಲಿ ಫಿಕ್ಸ್ ಬದಲು ಎಲ್ಲಾ ನೋಡ್ ಸೆಲೆಕ್ಟ್ ಮಾಡಿ ಎಂ ಕೀ ಒತ್ತುವವರಿದ್ದಾರೆ. ಎಂ ಎಂದರೆ ಸೆಲೆಕ್ಟ್ ಆದ ನೋಡ್‌ಗಳನ್ನೆಲ್ಲಾ ಒಂದೇ ನೋಡ್ ಮಾಡು ಎಂದರ್ಥ. ನಾಲ್ಕು ಮೂಲೆಯ ಮನೆಯ ಎಂಟೂ ನೋಡ್ ಹಿಡಿದು ಎಂ ಒತ್ತಿದರೆ ಮನೆ ಒಂದು ಚುಕ್ಕೆಯಾಗಿ ಕುಸಿಯುತ್ತದೆ. ಎಂ ಬಳಸುವುದಾದರೆ ಒಂದು ಮೂಲೆಯ ಎರಡೇ ನೋಡ್ ಹಿಡಿದು ಒತ್ತಿ, ಮುಂದಿನ ಮೂಲೆಗೆ ಹೋಗಿ.

ಕೈಯಿಂದ ಒಂದನ್ನು ಅಳಿಸುವಾಗ ಯಾವುದನ್ನು ಉಳಿಸಬೇಕು? ಐಡಿ ಸಂಖ್ಯೆ ಚಿಕ್ಕದಿರುವುದು ಮೊದಲು ಹುಟ್ಟಿದ್ದು. ಕಂಟ್ರೋಲ್ ಎಚ್ ಒತ್ತಿ ಇತಿಹಾಸ ನೋಡಿ. ಹೆಚ್ಚು ಆವೃತ್ತಿಗಳಿದ್ದು ರಿಲೇಶನ್‌ಗೆ ಸೇರಿದ್ದನ್ನು ಉಳಿಸಿ. ಹಳೆಯ ಮನೆಯ ಗೆರೆ ವಕ್ರ, ಹೊಸದು ಅಂದವಾಗಿದೆ ಎಂದಾಗಲೂ ಹಳೆಯದನ್ನು ಅಳಿಸಬೇಡಿ. ಯುಟಿಲ್ಸ್‌ಪ್ಲಗಿನ್2 ಎಂಬ ಹೆಚ್ಚುವರಿ ಪ್ಲಗಿನ್ ಹಾಕಿಕೊಂಡು, ಎರಡನ್ನೂ ಸೆಲೆಕ್ಟ್ ಮಾಡಿ ಕಂಟ್ರೋಲ್, ಶಿಫ್ಟ್, ಜಿ ಒತ್ತಿದರೆ ಹೊಸದರ ಆಕಾರ ಹಳೆಯದಕ್ಕೆ ಬರುತ್ತದೆ, ಇತಿಹಾಸವೂ ಉಳಿಯುತ್ತದೆ.

ಒಂದೇ ನೋಡ್‌ಗೆ ಕಟ್ಟಿದ್ದು

ತಾಲ್ಲೂಕು, ಜಿಲ್ಲೆ, ರಾಜ್ಯ ಮೂರರ ಗಡಿಯೂ ಒಂದೇ ಕಡೆ ಹಾಯುವಾಗ ಮೂರು ವೇ ಎಳೆಯುವುದು ಬೇಡ. ಒಂದೇ ವೇ ಇರಬೇಕು, ಮೂರು ರಿಲೇಶನ್‌ಗಳಿಗೂ ಅದು ಸದಸ್ಯನಾಗಬೇಕು. ಮೂರು ವೇ ಕಂಡರೆ ರಿಲೇಶನ್‌ಗಳಲ್ಲಿ ಮೊದಲು ಉಳಿಸುವ ವೇಯನ್ನು ಸೇರಿಸಿ, ಆಮೇಲೆ ಉಳಿದೆರಡನ್ನು ಅಳಿಸಿ. ಈ ಕ್ರಮ ತಿರುವುಮುರುವಾದರೆ ಗಡಿಯ ಬಳೆ ಒಡೆದುಹೋಗುತ್ತದೆ.

ಗಡಿಯನ್ನು ರಸ್ತೆಗೆ ಅಂಟಿಸಿದ್ದರೆ ಬಿಡಿಸುವುದು ಮೇಲು. ರಸ್ತೆ ಅಗಲವಾದಾಗ ಯಾರೋ ಅದರ ಗೆರೆಯನ್ನು ಹೊಸ ಉಪಗ್ರಹ ಚಿತ್ರಕ್ಕೆ ಸರಿಯಾಗಿ ಜರುಗಿಸುತ್ತಾರೆ, ಜೊತೆಗೆ ಗಡಿಯೂ ಹೊರಟುಬಿಡುತ್ತದೆ. ರಾಯಚೂರಿಗೂ ಕರ್ನೂಲಿಗೂ ನಡುವೆ ತುಂಗಭದ್ರೆ ಗಡಿಯಾಗಿ ಹರಿಯುವಂಥ ಕಡೆಗೂ ಇದೇ ಮಾತು. ನದಿಯ ನಡುಗೆರೆಯನ್ನು ತಿದ್ದಿದರೆ ರಾಜ್ಯದ ಗಡಿ ತಿದ್ದಿದಂತಾಗಬಾರದು.

ಬಿಡಿಸಲು ಜಿ ಕೀ. ಇಲ್ಲಿ ಏನು ಸೆಲೆಕ್ಟ್ ಆಗಿದೆ ಎಂಬುದರ ಮೇಲೆ ಫಲ ಬದಲಾಗುತ್ತದೆ. ನೋಡ್ ಒಂದನ್ನೇ ಹಿಡಿದು ಜಿ ಒತ್ತಿದರೆ ಅಲ್ಲಿ ಸೇರುವ ಎಲ್ಲಾ ವೇಗಳೂ ಬಿಡಿಬಿಡಿಯಾಗುತ್ತವೆ. ಅದು ಅಡ್ಡರಸ್ತೆ ಕೂಡುವ ಜಾಗವಾಗಿದ್ದರೆ ಆ ಅಡ್ಡರಸ್ತೆಯೂ ತುಂಡಾಗುತ್ತದೆ. ನೋಡ್ ಜೊತೆ ಶಿಫ್ಟ್ ಹಿಡಿದು ಗಡಿಯ ವೇಯನ್ನೂ ಸೆಲೆಕ್ಟ್ ಮಾಡಿ ಜಿ ಒತ್ತಿದರೆ ಗಡಿ ಮಾತ್ರ ಆ ನೋಡಿಂದ ಬಿಡುತ್ತದೆ. ವೇ ಒಂದನ್ನೇ ಹಿಡಿದು ಒತ್ತಿದರೆ ಅದು ತನ್ನ ಎಲ್ಲಾ ನೋಡ್‌ಗಳಲ್ಲೂ ಉಳಿದವರಿಂದ ಬೇರೆಯಾಗುತ್ತದೆ, ಅಕ್ಕಪಕ್ಕದ ಗಡಿಯ ತುಂಡುಗಳಿಂದಲೂ. ಆಗ ತುದಿಯ ನೋಡ್‌ಗಳನ್ನು ಮತ್ತೆ ಎಂ ಒತ್ತಿ ಸೇರಿಸಬೇಕು.

ಜಿ ಒತ್ತಿದ ಮೇಲೆ ಪರದೆಯಲ್ಲಿ ಏನೂ ಬದಲಾದಂತೆ ಕಾಣುವುದಿಲ್ಲ. ನೋಡ್‌ಗಳು ಎರಡಾದರೂ ಕೂತಿರುವ ಜಾಗ ಒಂದೇ. ಬಿಡಿಸಿದ ವೇ ಸೆಲೆಕ್ಟ್ ಆಗಿರುವಾಗಲೇ ಶಿಫ್ಟ್ ಹಿಡಿದು ಬಾಣದ ಕೀಯಿಂದ ತುಸು ಜರುಗಿಸಿದರೆ ಬಿಟ್ಟಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಬಿಟ್ಟದ್ದು ಖಾತ್ರಿಯಾದ ಮೇಲೆ ಕಂಟ್ರೋಲ್ ಝಡ್ ಒಂದು ಸಲ ಒತ್ತಿ ಜಾಗಕ್ಕೆ ತನ್ನಿ.

ಐಡಿ ಎಡಿಟರ್‌ನಲ್ಲಿ

ಇಲ್ಲಿ ನಡುಗುಂಡಿಯ ಪಟ್ಟಿ ಇಲ್ಲ. ಕ್ಷೇತ್ರಗಳು ಅಡ್ಡ ಬರುತ್ತಿದ್ದರೆ ಡಬ್ಲ್ಯೂ ಒತ್ತಿ ವೈರ್‌ಫ್ರೇಮ್ ಮಾಡಿ, ಬಣ್ಣ ಹೋಗಿ ಗೆರೆಗಳಷ್ಟೇ ಉಳಿಯುತ್ತವೆ. ಭಾಗಶಃ ಬಣ್ಣದ ನೋಟದಲ್ಲಿ ಕ್ಷೇತ್ರದ ಅಂಚಿನ ಪಟ್ಟಿ ಮಾತ್ರ ಕ್ಲಿಕ್‌ಗೆ ಓಗೊಡುತ್ತದೆ. ಹಂಚಿಕೊಂಡ ಗೆರೆಗಳಿಗೆ ಒಂದು ಒಳ್ಳೆಯ ಕೀ ಇದೆ: ಸೆಲೆಕ್ಟ್ ಆದ ವೇಯ ಒಂದು ನೋಡ್ ಹಿಡಿದು ಹಿಂಬಾಗಿದ ಗೀಟಿನ ಕೀ (ಬ್ಯಾಕ್‌ಸ್ಲ್ಯಾಶ್) ಒತ್ತಿದರೆ ಆ ನೋಡ್ ಸೇರಿರುವ ಇನ್ನೊಂದು ವೇಗೆ ಹಾರುತ್ತದೆ. ಐಡಿ ಸಂಖ್ಯೆ ಗೊತ್ತಿದ್ದರೆ ಕಂಟ್ರೋಲ್ ಎಫ್ ಒತ್ತಿ, ಸಂಖ್ಯೆಗೆ ಮೊದಲು ಡಬ್ಲ್ಯೂ ಸೇರಿಸಿ ಹುಡುಕಿದರೆ ಆ ವೇ ನೇರವಾಗಿ ಸಿಗುತ್ತದೆ.

ಎಫ್ ಒತ್ತಿದರೆ ಬರುವ ಪಟ್ಟಿಯಲ್ಲಿ ಕಟ್ಟಡ, ಗಡಿ ಮುಂತಾದವನ್ನು ಬಗೆಬಗೆಯಾಗಿ ಮರೆಮಾಡಬಹುದು. ಹೀಗೆ ಮರೆಮಾಡಿದ ಮೇಲೆ ಯಾವುದೋ ಗೆರೆ ಜರುಗಿಸಲು ಹೋದಾಗ, ಮರೆಯಾಗಿರುವ ವಸ್ತುವಿಗೆ ಅಂಟಿಕೊಂಡಿದೆ, ಆಗುವುದಿಲ್ಲ ಎಂದು ಎಡಿಟರ್ ತಡೆಯುತ್ತದೆ. ಅಲ್ಲಿ ಒಂದೇ ನೋಡ್‌ಗೆ ಕಟ್ಟಿದ ಗೆರೆ ಇನ್ನೊಂದಿದೆ ಎಂದು ಅದರಿಂದಲೇ ಗೊತ್ತಾಯಿತು. ಮರೆ ತೆಗೆದು ಅದು ಏನೆಂದು ನೋಡಿ. ಬೇರ್ಪಡಿಸಬೇಕಾದ್ದೇ ಎಂದು ಕಂಡರೆ ನೋಡ್ ಹಿಡಿದು ಡಿ ಒತ್ತಿ.